ಪೇಂಟ್ ಹೊಡೆಸದೆಯೇ ಮಾರುತ್ತೇನೆ

ನಮ್ಮ ಹಳೇ ಕಾರು ಡಾಡ್ಜ್ ಡಾರ್ಟ್ ಮಾರಾಟಕ್ಕಿದೆ ಅಂತ ಹೋದ ವಾರ ನಾಲ್ಕು ಫೋಟೋ ಹಾಕಿದ್ದೆ. ಇಲ್ಲಿನ ಡೆಟ್ರಾಯಿಟ್ ಗೆಳೆಯರಿಂದ ಹಿಡಿದು ತೀರ್ಥಹಳ್ಳಿಯ ಮಾವನ ತನಕ ಎಲ್ಲರದ್ದೂ ಒಂದೇ ಮಾತು: "ಟಿಂಕರಿಂಗ್ ಮಾಡ್ಸಿ ಒಂದು ಪೇಂಟ್ ಹೊಡ್ಸೋ ಮಾರಾಯ, ಡಬಲ್ ಬರ್ತದೆ." ಹೊಡೆಸುವುದಿಲ್ಲ. ಯಾಕೆ ಅಂತ ಇಲ್ಲೇ ಹೇಳಿಬಿಡುತ್ತೇನೆ.

ಕಾರು 1964ರದ್ದು. ನಾಲ್ಕು ಬಾಗಿಲು, ತಿಳಿ ನೀಲಿ ಬಣ್ಣ, ಆರು ಸಿಲಿಂಡರಿನ 3.7 ಲೀಟರ್ ಎಂಜಿನ್. ಅದು ನೆಟ್ಟಗೆ ನಿಂತಿಲ್ಲ, ಒಂದು ಪಕ್ಕಕ್ಕೆ 30 ಡಿಗ್ರಿ ವಾಲಿಕೊಂಡಿದೆ, ಅದಕ್ಕೇ ಸ್ಲ್ಯಾಂಟ್ ಸಿಕ್ಸ್ ಅನ್ನುತ್ತಾರೆ. ಗೇರ್ ಹಾಕಲು ಲಿವರ್ ಇಲ್ಲ, ಸ್ಟೇರಿಂಗಿನ ಎಡಕ್ಕೆ ಗುಂಡಿಗಳಿವೆ, ಹಳೇ ಮಿಕ್ಸಿಯ ಗುಂಡಿ ಒತ್ತಿದ ಹಾಗೆ ಒತ್ತಬೇಕು. ಡಾಡ್ಜ್ ಕಾರು ಮಾಡುತ್ತಿದ್ದ ಕ್ರೈಸ್ಲರ್ ಕಂಪನಿಯವರು ಆ ಗುಂಡಿ ಕೊಟ್ಟ ಕೊನೆಯ ವರ್ಷ ಅದು. ಪಕ್ಕದ ಮನೆಯ ಅಜ್ಜ ಹೊಸದಾಗಿ ಕೊಂಡಿದ್ದರು, ಅವರು ಹೋದ ಮೇಲೆ ಅಜ್ಜಿ ನನಗೆ ಮಾರಿದರು. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ಮಿಷಿಗನ್ ರಸ್ತೆಗಳಿಗೆ ಉಪ್ಪು ಸುರಿಯುತ್ತಾರಲ್ಲ, ಹಳೇ ಕಾರುಗಳನ್ನು ತಿಂದು ಹಾಕಿದ್ದು ಆ ಉಪ್ಪೇ. ಅಜ್ಜ ಮೊದಲ ಹಿಮ ಬಿದ್ದ ದಿನ ಗ್ಯಾರೇಜಿಗೆ ಸೇರಿಸಿದರೆ ಏಪ್ರಿಲ್ ತನಕ ಹೊರಗೆ ತೆಗೆಯುತ್ತಿರಲಿಲ್ಲವಂತೆ.

ಹಳೇ ಕಾರು ನೋಡಲು ಬರುವವರು ಹೊಳಪಿಗೆ ಹೆದರುತ್ತಾರೆ. ತಿಳಿದವರ ಜೇಬಲ್ಲಿ ಒಂದು ಅಯಸ್ಕಾಂತ ಇರುತ್ತದೆ. ತಗಡಾದರೆ ಕಚ್ಚಿಕೊಳ್ಳುತ್ತದೆ, ಒಳಗೆ ದಪ್ಪಗೆ ಪುಟ್ಟಿ ಮೆತ್ತಿದ್ದರೆ ಜಾರಿ ಬೀಳುತ್ತದೆ. ಹೊಸ ಪೇಂಟ್ ಅಂದರೆ ಏನೋ ಮುಚ್ಚಿದ್ದಾರೆ ಅಂತಲೇ ಲೆಕ್ಕ. ನನ್ನ ಕಾರಿನಲ್ಲಿ ಮುಚ್ಚಲು ಏನಿದೆ? ಡ್ರೈವರ್ ಕಡೆಯ ಕಿಟಕಿ ಅಂಚಿನಲ್ಲಿ ಒಂದು ಅಂಗೈಯಷ್ಟು ಜಾಗ ಬಣ್ಣ ಹೋಗಿ ಬೂದು ಪ್ರೈಮರ್ ಕಾಣುತ್ತದೆ. ಅಜ್ಜ ಮೊಣಕೈ ಊರುತ್ತಿದ್ದ ಜಾಗ. ನಾನೂ ಒಂಬತ್ತು ವರ್ಷ ಅಲ್ಲೇ ಊರಿದ್ದೇನೆ.

ಇನ್ನೊಂದು, ಇದು ಸಂಸಾರಸ್ಥರ ಕಾರು. ಜನ ದುಡ್ಡು ಸುರಿಯುವುದು ಎರಡು ಬಾಗಿಲಿನದಕ್ಕೆ, ಟಾಪ್ ತೆಗೆಯುವಂಥದ್ದಕ್ಕೆ. ನಾಲ್ಕು ಬಾಗಿಲಿನದಕ್ಕೆ ನೀಟಾಗಿ ಪೇಂಟ್ ಮಾಡಿಸಿದರೆ ಆ ಖರ್ಚೂ ಹುಟ್ಟುವುದಿಲ್ಲ. ಎಷ್ಟೋ ಸಲ ಇಂಥವನ್ನು ಕೊಂಡು, ಬಿಚ್ಚಿ, ಸಾಮಾನನ್ನೆಲ್ಲ ಎರಡು ಬಾಗಿಲಿನ ಕಾರಿಗೆ ಹಾಕಿಕೊಳ್ಳುತ್ತಾರೆ. ಸಂಕಟ ಆಗುತ್ತದೆ, ಆದರೆ ಕೊಂಡವರನ್ನು ತಡೆಯಲು ನಾನ್ಯಾರು?

ಆದ್ದರಿಂದ ಜಾಹೀರಾತಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದೆ. ಡ್ರೈವರ್ ಕಾಲಡಿಯ ತಗಡು ತೂತಾಗಿ ಪ್ಯಾಚ್ ಹಾಕಿದೆ. ಸೀಟಿನ ಹೊಲಿಗೆ ಬಿಟ್ಟಿದೆ, ಮೇಲೆ ಟವೆಲ್ ಹಾಸಿದ್ದೇನೆ. ರೇಡಿಯೋ ಸತ್ತು ಎಷ್ಟು ಕಾಲವಾಯಿತೋ. ಹಿಂದಿನ ಸೀಟಿಗೆ ಬೆಲ್ಟೇ ಇಲ್ಲ. ನಾಲ್ಕೂ ಚಕ್ರದ ಬ್ರೇಕಿಗೆ ಒಂದೇ ಲೈನು, ಎಲ್ಲಾದರೂ ಆಯಿಲ್ ಸೋರಿದರೆ ನಾಲ್ಕೂ ಹೋದವು ಅಂತಲೇ. ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ದಿನಾ ಓಡಿಸಲು ಬೇಕು ಅಂದವರಿಗೆ ನಾನೇ ಬೇಡ ಅಂದೆ.

ಒಂದು ಬರೆಯುವುದು ಮರೆತಿದ್ದೆ. ಆ ಕಾಲದ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಎಡಗಡೆ ಚಕ್ರದ ನಟ್‌ಗಳಿಗೆ ಉಲ್ಟಾ ತಿರುಪು ಇರುತ್ತಿತ್ತು, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಬೋಲ್ಟಿನ ತುದಿಯಲ್ಲಿ 'ಎಲ್' ಅಂತ ಅಚ್ಚೂ ಇರುತ್ತದೆ. ಎರಡು ವರ್ಷದ ಹಿಂದೆ ಟೈರ್ ಹಾಕಿಸಲು ಹೋದ ಅಂಗಡಿಯಲ್ಲಿ ಇದನ್ನು ಎರಡೆರಡು ಸಲ ಹೇಳಿದ್ದೆ. ಹುಡುಗ "ಸರಿ ಸರಿ" ಅಂದು ನಟ್ ಬಿಚ್ಚುವ ಗನ್ ಹಿಡಿದು ಎಡಕ್ಕೇ ಒತ್ತಿದ. ಟಕ್ ಅಂತ ಬೋಲ್ಟ್ ಮುರಿದು ಕೈಗೆ ಬಂತು. ಅಂಗಡಿಯವರು "ಹಳೇ ಗಾಡಿ ಸಾರ್, ತುಕ್ಕು" ಅಂದುಬಿಟ್ಟರು. ತುಕ್ಕಂತೆ!

ನಿನ್ನೆ ಒಬ್ಬ ಹುಡುಗ ಬಂದಿದ್ದ, ಇಪ್ಪತ್ತೈದು ಇರಬಹುದು. ನಾನು ಹೇಳಿದ ರೇಟು 6,500 ಡಾಲರ್. ಅವನು ಬಾನೆಟ್ ತೆಗೆಯಲೂ ಇಲ್ಲ. ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿ ಅರ್ಧ ಗಂಟೆ ನೋಡಿದ. ಆಮೇಲೆ ಎದ್ದು ಎಡ ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ವೀಲ್ ಕ್ಯಾಪ್ ತೆಗೆದು, ಐದು ಬೋಲ್ಟ್‌ಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದ. ನಾಲ್ಕರಲ್ಲಿ 'ಎಲ್' ಇತ್ತು. ಐದನೆಯದು ಹೊಸದು, ಅದರಲ್ಲಿ ಇರಲಿಲ್ಲ.

"ಯಾರೋ ಮುರಿದಿದ್ದಾರೆ, ಅಲ್ವಾ?" ಅಂತ ನಕ್ಕ.

ಅವನು ಕೇಳುವ ಮುಂಚೆಯೇ ನಾನು 500 ಇಳಿಸಿದೆ. ಶನಿವಾರ ಬರುತ್ತಾನೆ. ಟವೆಲ್ ಇರಲಿ ಅಂತ ಹೇಳಿ ಹೋಗಿದ್ದಾನೆ.