ಬೆಲ್ಲ ಹಾಕಿದರೆ ಕ್ಯಾಲೊರಿ ಓಡಿಹೋಗುತ್ತದಾ?

ಇವತ್ತು ಸಂಜೆ ಸಿಕ್ಕಾಪಟ್ಟೆ ಸಿಟ್ಟು ಬಂದಿದೆ. ಬರೆದುಬಿಡುತ್ತೇನೆ, ಉದ್ದ ಆದರೆ ಬೈಯಬೇಡಿ.

ಅತ್ತಿಗೆ ಮನೆಗೆ ಏನಾದರೂ ತೆಗೆದುಕೊಂಡು ಹೋಗೋಣ ಅಂತ ಸ್ವೀಟ್ ಅಂಗಡಿಗೆ ಹೋಗಿದ್ದೆ. ಮೈಸೂರಿನಲ್ಲೇ, ಹೆಸರು ಬೇಡ ಬಿಡಿ. ಅಲ್ಲಿ ಹೊಸದಾಗಿ ಒಂದು ಗಾಜಿನ ಕಪಾಟು ಇಟ್ಟಿದ್ದಾರೆ. ಮೇಲೆ ಹಸಿರು ಬೋರ್ಡು: ‘ಡಯಟ್ ಸ್ವೀಟ್ಸ್, ತೂಕ ಇಳಿಸುವವರಿಗೆ’. ಒಳಗೆ ಬೆಲ್ಲದ ಮೈಸೂರು ಪಾಕ್, ಖರ್ಜೂರದ ಲಾಡು, ರಾಗಿ ಲಾಡು, ಇನ್ನೂ ಏನೇನೋ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ನಮ್ಮ ಮನೆಯವರಿಗೆ ಡಾಕ್ಟ್ರು ತೂಕ ಇಳಿಸಿ ಅಂದಿದ್ದಾರಪ್ಪ, ಇದನ್ನ ತಿನ್ನಬಹುದಾ?’ ಅಂತ ಕೇಳಿದರು. ಕೌಂಟರ್ ಹುಡುಗ ಯೋಚನೆ ಕೂಡ ಮಾಡಲಿಲ್ಲ. ‘ಧಾರಾಳವಾಗಿ ತಿನ್ನಬಹುದು ಸಾರ್. ಸಕ್ಕರೆ ಒಂದು ಚೂರೂ ಇಲ್ಲ, ಬರೀ ಬೆಲ್ಲ. ಎಷ್ಟು ತಿಂದ್ರೂ ಏನೂ ಆಗಲ್ಲ.’ ಅವರು ಪಾಪ, ಒಂದು ಕೆಜಿ ಬೆಲ್ಲದ ಮೈಸೂರು ಪಾಕ್ ಕಟ್ಟಿಸಿಕೊಂಡು ಹೊರಟೇಬಿಟ್ಟರು.

ನನಗೆ ಬಾಯಿ ಸುಮ್ಮನಿರಲಿಲ್ಲ. ‘ತುಪ್ಪ ಎಷ್ಟಪ್ಪಾ ಹಾಕ್ತೀರಾ ಇದಕ್ಕೆ?’ ಅಂದೆ. ಹುಡುಗನ ಮುಖ ಅರಳಿತು. ‘ಜಾಸ್ತೀನೇ ಹಾಕ್ತೀವಿ ಮೇಡಂ, ಶುದ್ಧ ಹಸುವಿನ ತುಪ್ಪ!’

ಎಷ್ಟು ತಿಂದರೂ ಏನೂ ಆಗುವುದಿಲ್ಲವಂತೆ!

ನನ್ನ ಕಥೆ ನಿಮಗೆಲ್ಲಾ ಗೊತ್ತೇ ಇದೆ. ದಿನಕ್ಕೆ 1400 ಕ್ಯಾಲೊರಿ ಅಂತ ಡಯಟೀಷಿಯನ್ ಗೆರೆ ಎಳೆದಾಗಿನಿಂದ ನಾನು ಅಡುಗೆಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ಬದುಕುತ್ತಿರುವ ಹೆಂಗಸು. ಮನೆಯವರು ನಗುತ್ತಾರೆ, ನಗಲಿ. ತೂಗಿ ತೂಗಿ ಒಂದಷ್ಟು ಲೆಕ್ಕ ಬಾಯಿಪಾಠ ಆಗಿದೆ. ಒಂದು ಗ್ರಾಂ ಸಕ್ಕರೆಗೆ ಸುಮಾರು 4 ಕ್ಯಾಲೊರಿ. ಒಂದು ಗ್ರಾಂ ಬೆಲ್ಲಕ್ಕೂ ಹೆಚ್ಚುಕಡಿಮೆ ಅಷ್ಟೇ. ಒಂದು ಗ್ರಾಂ ತುಪ್ಪಕ್ಕೆ 9. ಮೈಸೂರು ಪಾಕಿಗೆ ಒಂದು ಲೋಟ ಕಡಲೆಹಿಟ್ಟಿಗೆ ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ ಅಂತ ನಮ್ಮಮ್ಮ ಹಾಕುತ್ತಿದ್ದರು, ಅಂಗಡಿಯವರು ತುಪ್ಪ ಇನ್ನೂ ಒಂದು ಕೈ ಮೇಲೇ ಹಾಕುತ್ತಾರೆ. ಅಂದರೆ ಕ್ಯಾಲೊರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ತುಪ್ಪದಿಂದ. ಆ ತುಪ್ಪವನ್ನು ಹಾಗೇ ಬಿಟ್ಟು, ಸಕ್ಕರೆ ತೆಗೆದು ಬೆಲ್ಲ ಹಾಕಿ ಡಯಟ್ ಅನ್ನುವುದು ಸೀರೆ ಬದಲಾಯಿಸಿ ತೂಕ ಇಳಿಯಿತು ಅಂದ ಹಾಗೆ. ಆ ಹಿರಿಯರು ಹೊತ್ತುಕೊಂಡು ಹೋದ ಒಂದು ಕೆಜಿಯಲ್ಲಿ 5000 ಕ್ಯಾಲೊರಿಗೆ ಮೋಸ ಇಲ್ಲ. ನನ್ನ ಮೂರೂವರೆ ದಿನದ ಊಟ! ಮನೆಯವರು ನಂಬಿಕೊಂಡು ಬೆಳಿಗ್ಗೆ ಎರಡು, ಸಂಜೆ ಎರಡು ತಿನ್ನುತ್ತಾರೆ. ತಿಂಗಳು ಕಳೆದು ತೂಕ ಏರಿದರೆ ಬೈಗುಳ ಯಾರಿಗೆ? ಆ ಹೆಂಗಸಿಗೇ. ‘ನೀನು ವಾಕಿಂಗ್ ಹೋಗಲ್ಲ’ ಅಂತ.

ಈಗ ಕಾಮೆಂಟಿನಲ್ಲಿ ಬರುವವರು ಯಾರು ಅಂತ ಗೊತ್ತು. ‘ಅಕ್ಕಾ, ಬೆಲ್ಲದಲ್ಲಿ ಕಬ್ಬಿಣದ ಅಂಶ ಇದೆ.’ ಇದೆ ಕಣಪ್ಪಾ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಚಮಚ ಬೆಲ್ಲದಲ್ಲಿ ಸಿಗುವುದು ಎಷ್ಟು? ಕಬ್ಬಿಣಕ್ಕಾಗಿಯೇ ಬೆಲ್ಲ ತಿನ್ನಲು ಹೊರಟರೆ ಅಚ್ಚುಗಟ್ಟಲೆ ತಿನ್ನಬೇಕು. ಸೊಪ್ಪಿನ ಸಾರು ಮಾಡಿಕೊಂಡು ಊಟ ಮಾಡು, ಹೋಗು. ಮಂಡ್ಯದ ಬೆಲ್ಲದ ಮೇಲೆ ನನಗೆ ಸಿಟ್ಟಿಲ್ಲ. ಆಲೆಮನೆಯ ಬಿಸಿ ಬೆಲ್ಲ, ಮಲೆನಾಡಿನ ಜೋನಿ ಬೆಲ್ಲ, ಎಲ್ಲಾ ಇಷ್ಟವೇ. ರುಚಿಗೆ ತಿನ್ನಿ, ಯಾರು ಬೇಡ ಅಂದರು? ಔಷಧಿ ಅಂತ ಮಾರಬೇಡಿ ಅಷ್ಟೇ.

ಖರ್ಜೂರದ ಲಾಡಿಗೆ ಬರೋಣ. ಅದರ ಮುಂದೆ ‘ಶುಗರ್ ಫ್ರೀ’ ಅಂತ ಚೀಟಿ ಅಂಟಿಸಿದ್ದರು. ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2018ರ ನಿಯಮದ ಪ್ರಕಾರ ಹಾಗೆ ಹೇಳಿಕೊಳ್ಳಬೇಕಾದರೆ 100 ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಜಾಸ್ತಿ ಸಕ್ಕರೆ ಇರಬಾರದು. ಖರ್ಜೂರದ ಅರ್ಧಕ್ಕಿಂತ ಹೆಚ್ಚು ತೂಕ ಸಕ್ಕರೆಯೇ, ಸ್ವಾಮಿ! ಹಣ್ಣಿನದ್ದೇ ಸಕ್ಕರೆ, ನಾರೂ ಇದೆ, ಒಪ್ಪಿದೆ. ಆದರೆ ಒಣಹಣ್ಣು, ಗೋಡಂಬಿ, ಬಾದಾಮಿ ಎಲ್ಲಾ ಸೇರಿಸಿ ತುಪ್ಪದಲ್ಲಿ ಹುರಿದು ಉಂಡೆ ಕಟ್ಟಿದರೆ ಒಂದು ಸಣ್ಣ ಉಂಡೆಗೇ 120ರ ಹತ್ತಿರ ಹೋಗುತ್ತದೆ. ಮೂರು ತಿಂದರೆ ನನ್ನ ಒಂದು ಹೊತ್ತಿನ ಊಟ ಮುಗಿಯಿತು. ಬೆಲೆಯೋ, ಕೇಳಲೇಬೇಡಿ, ಪಕ್ಕದ ತಟ್ಟೆಯ ಸಾದಾ ಲಾಡಿನ ಎರಡರಷ್ಟು.

ಹಾಗಾದರೆ ಸಿಹಿ ಮಾತ್ರೆ, ಸಿಹಿ ಪುಡಿ ಹಾಕಿ ಮಾಡಿದ್ದು? ಅದರಲ್ಲಿ ಸಕ್ಕರೆಯ ಕ್ಯಾಲೊರಿ ತಪ್ಪುತ್ತದೆ, ನಿಜ. ಖೋವಾದ್ದು ಎಲ್ಲಿ ಹೋಗುತ್ತದೆ? ಮೇಲಾಗಿ ತೂಕ ಹತೋಟಿಗೆ ಅಂತ ಇವನ್ನು ನಂಬಿಕೊಳ್ಳಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ಅದೇ ಸಂಸ್ಥೆ 2015ರಲ್ಲಿ, ಬೆರೆಸಿದ ಸಕ್ಕರೆಯ ಪಾಲು ದಿನದ ಕ್ಯಾಲೊರಿಯಲ್ಲಿ ನೂರಕ್ಕೆ 10ರ ಒಳಗಿರಲಿ, 5ರ ಒಳಗಾದರೆ ಇನ್ನೂ ಒಳ್ಳೆಯದು ಅಂದಿತ್ತು. ಜೇನುತುಪ್ಪವೂ ಆ ಲೆಕ್ಕದಲ್ಲೇ ಬರುತ್ತದೆ, ಬೆಳಿಗ್ಗೆ ಬಿಸಿನೀರಿಗೆ ಜೇನು ಸುರಿದುಕೊಳ್ಳುವ ನನ್ನ ಗೆಳತಿಯರು ಗಮನಿಸಿ. ನನ್ನ 1400ರಲ್ಲಿ ನೂರಕ್ಕೆ 10 ಅಂದರೆ 140 ಕ್ಯಾಲೊರಿ, ಹೆಚ್ಚೆಂದರೆ 35 ಗ್ರಾಂ. ಸಕ್ಕರೆಯೋ ಬೆಲ್ಲವೋ ಜೇನೋ, ಒಟ್ಟು ಸೇರಿಸಿ.

35 ಗ್ರಾಂ ಕಡಿಮೆ ಅನಿಸುತ್ತದಾ? ನನಗೆ ಸಾಕಾಗುತ್ತಿದೆ. ಕಾಫಿಗೆ ಸಕ್ಕರೆ ಬಿಟ್ಟೆ, ಆ ಉಳಿತಾಯವೆಲ್ಲಾ ಪಾಯಸಕ್ಕೆ. ಹೆಸರುಬೇಳೆ ಪಾಯಸ ಸಣ್ಣ ಬಟ್ಟಲಿಗೆ: ಒಂದು ದೊಡ್ಡ ಚಮಚ ಬೇಳೆ ಒಣ ಬಾಣಲೆಯಲ್ಲೇ ಹುರಿದು ಬೇಯಿಸಿ, ಎರಡು ಸಣ್ಣ ಚಮಚ ಬೆಲ್ಲ, ಅರ್ಧ ಲೋಟ ನೀಲಿ ಪ್ಯಾಕೆಟ್ ಹಾಲು, ಏಲಕ್ಕಿ. ಗೋಡಂಬಿ ಒಂದೇ ಒಂದು, ಅದನ್ನು ಸಣ್ಣಗೆ ಮುರಿದು ನಾಲ್ಕು ಅಂತ ಭಾವಿಸಿಕೊಳ್ಳುವುದು. 150 ಕ್ಯಾಲೊರಿ ಆಸುಪಾಸಿನಲ್ಲಿ ಮುಗಿಯುತ್ತದೆ. ಬೇಳೆ ಇರುವುದರಿಂದ ಹೊಟ್ಟೆಯೂ ತಡೆಯುತ್ತದೆ. ಕರ್ಬೂಜ ಸಿಕ್ಕರಂತೂ ಹಬ್ಬ. ಹೆಚ್ಚಿ, ಒಂದು ಚಮಚ ಬೆಲ್ಲದ ಪುಡಿ ಉದುರಿಸಿ, ಏಲಕ್ಕಿ ಹಾಕಿ ಹತ್ತು ನಿಮಿಷ ಬಿಟ್ಟರೆ ತಾನೇ ರಸ ಬಿಡುತ್ತದೆ. ದೊಡ್ಡ ಬಟ್ಟಲು ತಿಂದರೂ ನೂರು ದಾಟುವುದಿಲ್ಲ. ರಾಮನವಮಿಗೆ ಕೊಡುತ್ತಿದ್ದದ್ದು ಇದನ್ನೇ ಅಲ್ವಾ? ಇದಕ್ಕೆ ಯಾರೂ ಹಸಿರು ಬೋರ್ಡು ಹಾಕುವುದಿಲ್ಲ, ಯಾಕೆಂದರೆ ಇದರಲ್ಲಿ ಲಾಭ ಇಲ್ಲ.

ನಿಜ ಹೇಳಲಾ? ನನ್ನ ಸಿಟ್ಟಿನಲ್ಲಿ ಅರ್ಧ ಹೊಟ್ಟೆಕಿಚ್ಚು. ಆ ಹುಡುಗ ಹೇಳಿದ್ದು ನಿಜ ಆಗಿದ್ದರೆ ನನ್ನಷ್ಟು ಖುಷಿಪಡುವವರು ಇನ್ನೊಬ್ಬರಿರಲಿಲ್ಲ. ರಾತ್ರಿ ಹತ್ತಕ್ಕೆ ಎಲ್ಲರೂ ಟಿವಿ ಮುಂದೆ ಕೂತಾಗ ನನ್ನ ಕಾಲು ತಾನಾಗಿಯೇ ಫ್ರಿಡ್ಜ್ ಕಡೆ ಹೋಗುತ್ತದೆ. ನಮ್ಮ ಫ್ರಿಡ್ಜ್‌ನಲ್ಲಿ ಕರಿಬೇವಿನ ಡಬ್ಬಿಯ ಹಿಂದೆ ನನ್ನದೊಂದು ಡಬ್ಬಿ ಇದೆ. ಅದರಲ್ಲಿರುವುದು ಅಸಲಿ ಮೈಸೂರು ಪಾಕ್. ಸಕ್ಕರೆಯದ್ದು, ತುಪ್ಪ ಸೋರುವಂಥದ್ದು. ಭಾನುವಾರ ಮಧ್ಯಾಹ್ನ ಒಂದು ತುಂಡು ತೂಗಿ, 200 ಕ್ಯಾಲೊರಿ ಅಂತ ಬರೆದಿಟ್ಟು, ರಾತ್ರಿ ಒಂದು ಚಪಾತಿ ಬಿಟ್ಟು, ಕಣ್ಣು ಮುಚ್ಚಿಕೊಂಡು ತಿನ್ನುತ್ತೇನೆ. ಆ ಹೊತ್ತಿನಲ್ಲಿ ಗಂಡ, ಮಕ್ಕಳು ಯಾರೂ ಮಾತಾಡಿಸಬಾರದು. ಸುಳ್ಳು ಬೆಲ್ಲದ ನಾಲ್ಕು ತುಂಡಿಗಿಂತ ಈ ಒಂದೇ ವಾಸಿ, ನಾಲಗೆಗೂ ತಕ್ಕಡಿಗೂ.

‘ಇಷ್ಟೆಲ್ಲಾ ಲೆಕ್ಕ ಹಾಕಿ ತಿನ್ನುವ ಬದಲು ಸಿಹಿ ಬಿಟ್ಟೇಬಿಡು’ ಅಂತ ನಮ್ಮ ಚಿಕ್ಕಮ್ಮ ಫೋನಿನಲ್ಲಿ ಹೇಳುತ್ತಿರುತ್ತಾರೆ. ಚಿಕ್ಕಮ್ಮಾ, ನೀವೇ ಹೋದ ಯುಗಾದಿಗೆ ‘ಹಬ್ಬದ ದಿನ ಏನೂ ಆಗಲ್ಲ ಕಣೇ’ ಅಂತ ಒಬ್ಬಟ್ಟಿನ ಮೇಲೆ ತುಪ್ಪ ಸುರಿದು, ಬೇಡ ಅಂದರೂ ಕೈ ಸರಿಸಿ ಮೂರನೆಯದು ಬಡಿಸಿದ್ದು. ನಿಮ್ಮನ್ನು ಟ್ಯಾಗ್ ಮಾಡುತ್ತಿಲ್ಲ, ಓದುತ್ತೀರಿ ಅಂತ ಗೊತ್ತು.

ಸರಿ, ಕೆಲಸದ ಮಾತು. ಈ ಶನಿವಾರ ರಾಗಿ ಹಾಲುಬಾಯಿ ಮಾಡುವ ಯೋಚನೆ ಇದೆ. ಬೆಲ್ಲ ಅರ್ಧ ಮಾಡುತ್ತೇನೆ, ತುಪ್ಪ ತಟ್ಟೆಗೆ ಸವರುವಷ್ಟೇ, ತೆಂಗಿನಕಾಯಿ ಒಂದು ಹಿಡಿಗಿಂತ ಜಾಸ್ತಿ ಇಲ್ಲ. ಹೀಗೆ ಮಾಡಿ ನೋಡಿದವರು ಇದ್ದರೆ ಹೇಳಿ, ಕತ್ತರಿಸುವಷ್ಟು ಗಟ್ಟಿ ಬರುತ್ತದಾ, ಇಲ್ಲ ಅಂಬಲಿ ಥರ ಬಟ್ಟಲಿಗೆ ಹಾಕಿಕೊಂಡು ಕುಡಿಯಬೇಕಾ?