ತಪ್ಪಿಹೋದ ಸಂಬಂಧಕ್ಕೆ ಹತ್ತಕ್ಕೆ ಹತ್ತು

ನಮ್ಮ ಅತ್ತೆಗೆ ಮದುವೆಗೆ ಮುಂಚೆ ಭದ್ರಾವತಿಯಿಂದ ಒಂದು ಸಂಬಂಧ ಬಂದಿತ್ತಂತೆ. ಜಾತಕ ಕೂಡಿತ್ತು. ಹುಡುಗ ಬಂದು ಉಪ್ಪಿಟ್ಟು, ಕೇಸರಿಬಾತು ತಿಂದು ಹೋಗಿದ್ದ. ಆಮೇಲೆ ಏನೋ ಆಗಿ ಮಾತು ನಿಂತುಹೋಯಿತು. ಇದಾಗಿ ನಲವತ್ತು ವರ್ಷ. ಇವತ್ತಿಗೂ ಮಾವ ಒದ್ದೆ ಟವೆಲನ್ನು ಮಂಚದ ಮೇಲೆ ಎಸೆದರೆ ಅತ್ತೆ ಹೇಳುವುದು ಒಂದೇ ಮಾತು: "ಭದ್ರಾವತಿಯವರು ಹೀಗೆ ಮಾಡ್ತಿರಲಿಲ್ಲ." ಭದ್ರಾವತಿಯವರು ಟವೆಲನ್ನು ಎಲ್ಲಿ ಹಾಕುತ್ತಾರೋ ನಮ್ಮಲ್ಲಿ ಯಾರೂ ನೋಡಿಲ್ಲ. ಅವರ ಬಲ ಇರುವುದೇ ಅಲ್ಲಿ.

ಅಮೆರಿಕದ ಟಿವಿಯಲ್ಲೂ ಇಂಥ ಒಬ್ಬ ಭದ್ರಾವತಿ ವರ ಇದ್ದಾನೆ. ಹೆಸರು ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ, 2001ರದ್ದು. ಅದರ ಒಂದೇ ಒಂದು ಕಂತೂ ಪ್ರಸಾರ ಆಗಿಲ್ಲ. ಹಾಗಾಗಿ ಒಂದೇ ಒಂದು ಕೆಟ್ಟ ಕಂತೂ ಇಲ್ಲ.

ಮೂಲ ಸರಣಿ 1978ರದ್ದು. ಗ್ಲೆನ್ ಲಾರ್ಸನ್ ಎಂಬವರು ಎಬಿಸಿ ಚಾನೆಲ್ಲಿಗೆ ಮಾಡಿದ್ದು. ಸೈಲಾನ್ ಎಂಬ ರೋಬೋಗಳು ಮನುಷ್ಯರ ಹನ್ನೆರಡು ಲೋಕಗಳನ್ನು ಸುಟ್ಟುಹಾಕುತ್ತವೆ. ಉಳಿದ ಜನ ಗ್ಯಾಲಾಕ್ಟಿಕಾ ಎಂಬ ಒಂದು ಹಳೇ ಯುದ್ಧನೌಕೆಯ ಬೆನ್ನು ಹಿಡಿದು ಭೂಮಿಯನ್ನು ಹುಡುಕಿಕೊಂಡು ಹೊರಡುತ್ತಾರೆ. ಹನ್ನೆರಡು ಲೋಕಗಳಿಗೂ ಹನ್ನೆರಡು ರಾಶಿಗಳ ಹೆಸರು. ಕ್ಯಾಪ್ರಿಕಾ ಅಂದರೆ ನಮ್ಮ ಮಕರ. ಪಂಚಾಂಗ ನೋಡದೆ ಶುರುಮಾಡಿದರು ಅನಿಸುತ್ತದೆ. ಸೆಪ್ಟೆಂಬರ್ 17ರಂದು ಮೊದಲ ಪ್ರಸಾರದ ಮಧ್ಯದಲ್ಲೇ ಕ್ಯಾಂಪ್ ಡೇವಿಡ್ ಒಪ್ಪಂದದ ಸುದ್ದಿ ಬಂದು ಕಾರ್ಯಕ್ರಮ ನಿಂತಿತು. ಅದೇ ವರ್ಷ 'ನಮ್ಮ ಸ್ಟಾರ್ ವಾರ್ಸ್ ಕದ್ದಿದ್ದಾರೆ' ಎಂದು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕೋರ್ಟಿಗೆ ಹೋಯಿತು. 24 ಕಂತಿಗೆ ಅಂಗಡಿ ಮುಚ್ಚಿತು.

ಈಗ ಇದೇ ಸರಣಿಗೆ ವೇದದ ಸ್ಥಾನ. ಒಂದಕ್ಷರ ಬದಲಾಯಿಸಬಾರದು. ಆ ವೇದದಲ್ಲಿ ಏನಿದೆ ಅಂತ ಒಮ್ಮೆ ಕೂತು ನೋಡಿದೆ. ಹನ್ನೆರಡು ಲೋಕ ಬೂದಿಯಾಗಿವೆ. ಸೂತಕ ಕಳೆಯುವ ಮುಂಚೆಯೇ ನಮ್ಮ ನಾಯಕರು ಒಂದು ಗ್ರಹದಲ್ಲಿಳಿದು ಕ್ಯಾಸಿನೋಗೆ ಹೋಗುತ್ತಾರೆ. ಜೂಜು, ಹಾಡು, ಪುಷ್ಕಳ ಊಟ. ಒಬ್ಬ ಹುಡುಗನ ನಾಯಿ ಸತ್ತಿದೆ ಅಂತ ಅವನಿಗೆ ಒಂದು ರೋಬೋ ನಾಯಿ ಮಾಡಿಕೊಡುತ್ತಾರೆ. ಆ ರೋಬೋ ನಾಯಿಯ ವೇಷದೊಳಗೆ ಇರುವುದು ಒಂದು ಚಿಂಪಾಂಜಿ. ಇನ್ನು ಯುದ್ಧ. ವೈಪರ್ ಎಂಬ ಪುಟ್ಟ ವಿಮಾನ ಕೊಳವೆಯಿಂದ ಚಿಮ್ಮುವ ದೃಶ್ಯ ಮೊದಲ ಸಲ ರೋಮಾಂಚನ. ಹತ್ತನೇ ಸಲ ಬಂದಾಗ ಅದೇ ವಿಮಾನ, ಅದೇ ಕೊಳವೆ, ಅದೇ ಷಾಟು. ದುಬಾರಿ ಷಾಟನ್ನು ಸುಮ್ನೆ ಬಿಡೋಕಾಗುತ್ತಾ? ಇಸ್ತ್ರಿ ಮಾಡಿ ಮಾಡಿ ಅದನ್ನೇ ಉಟ್ಟರು. 1980ರಲ್ಲಿ ಗ್ಯಾಲಾಕ್ಟಿಕಾ 1980 ಅಂತ ಇನ್ನೊಂದು ಬಂತು. ಅದರಲ್ಲಿ ಹಾರುವ ಮೋಟರ್‌ಸೈಕಲ್ ಇದೆ. ಹತ್ತು ಕಂತಿಗೆ ಅದೂ ಮುಗಿಯಿತು. ಅದರ ಮಾತೆತ್ತಿದರೆ ಭಕ್ತರು ನೀರು ಕುಡಿಯಲು ಎದ್ದು ಹೋಗುತ್ತಾರೆ.

ಅಷ್ಟಾದರೂ ಮರುಜನ್ಮದ ಆಸೆ ಬಿಡಲಿಲ್ಲ. ಮೂಲ ಸರಣಿಯಲ್ಲಿ ಅಪೋಲೋ ಪಾತ್ರ ಮಾಡಿದ್ದ ರಿಚರ್ಡ್ ಹ್ಯಾಚ್ ತಮ್ಮ ಕೈಯಿಂದ ದುಡ್ಡು ಹಾಕಿ 1999ರಲ್ಲಿ ಒಂದು ಟ್ರೇಲರ್ ಮಾಡಿಸಿದರು. ಸಿನಿಮಾ ಇಲ್ಲ, ಸರಣಿ ಇಲ್ಲ, ಟ್ರೇಲರ್ ಮಾತ್ರ ಇದೆ. ಅಭಿಮಾನಿಗಳ ಸಮಾವೇಶದಲ್ಲಿ ತೋರಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಗೊತ್ತಿತ್ತು. ಕುಲಾವಿಗೇ ನಾಮಕರಣ ಮಾಡಿದ್ದು ಇದೇ ಮೊದಲು.

2001ರಲ್ಲಿ ನಿಜವಾದ ಸಂಬಂಧ ಕೂಡಿಬಂತು. ನಿರ್ದೇಶಕ ಬ್ರಯಾನ್ ಸಿಂಗರ್, ಜೊತೆಗೆ ಟಾಮ್ ಡಿಸ್ಯಾಂಟೋ. ಹಳೆಯ ಕಥೆಯನ್ನೇ ಮುಂದುವರಿಸುತ್ತೇವೆ ಎಂದರು. ಪ್ರಸಾರಕ್ಕೆ ಒಪ್ಪಿದ್ದು ಯಾರು ಗೊತ್ತೇ? ಫಾಕ್ಸ್ ಚಾನೆಲ್. ಕಳ್ಳತನದ ಕೇಸು ಹಾಕಿದ ಮನೆತನದವರೇ ಬೀಗರಾಗಲು ಬಂದಿದ್ದರು! ಕೆನಡಾದ ವ್ಯಾಂಕೂವರ್‌ನಲ್ಲಿ ಸೆಟ್ ಹಾಕುವ ಕೆಲಸವೂ ನಡೆದಿತ್ತು. ಅಷ್ಟರಲ್ಲಿ ಸೆಪ್ಟೆಂಬರ್ 11. ಎಲ್ಲ ಕೆಲಸ ಹಿಂದೆ ಬಿತ್ತು. ಸಿಂಗರ್‌ಗೆ ಎಕ್ಸ್-ಮೆನ್ ಎರಡನೇ ಭಾಗದ ಮುಹೂರ್ತ ಹತ್ತಿರ ಬಂತು, ಹೋದರು. ಫಾಕ್ಸ್ ಕೈತೊಳೆದುಕೊಂಡಿತು. ಚಪ್ಪರ ಹಾಕಿದ ಮೇಲೆ ವರ ಬೇರೆ ಮದುವೆಗೆ ಹೋದ ಹಾಗಾಯಿತು.

ಆಗ ಸರಣಿಯನ್ನು ಹೊಸದಾಗಿ ಕಟ್ಟಲು ಬಂದವರು ನಿರ್ಮಾಪಕರಾದ ರೊನಾಲ್ಡ್ ಮೂರ್ ಮತ್ತು ಡೇವಿಡ್ ಐಕ್. ಮೊದಲ ಯೋಜನೆಯನ್ನು ಕೊಂದ ಆ ಸೆಪ್ಟೆಂಬರೇ ಇವರಿಗೆ ಕಥೆಯ ಜೀವವಾಯಿತು. ಒಂದು ಬೆಳಗ್ಗೆ ಎದ್ದಾಗ ಊರೇ ಇಲ್ಲ ಅಂದರೆ ಉಳಿದವರು ಕ್ಯಾಸಿನೋಗೆ ಹೋಗುವುದಿಲ್ಲ, ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡುತ್ತಾರೆ ಎಂದು ಮೂರ್ ಲೆಕ್ಕ ಹಾಕಿದರು. ಸೈಲಾನ್‌ಗಳಿಗೆ ಮನುಷ್ಯರ ರೂಪ ಕೊಟ್ಟರು. 2003ರ ಡಿಸೆಂಬರ್ 8ರಂದು ಸೈಫೈ ಚಾನೆಲ್ಲಿನಲ್ಲಿ ಕಿರುಸರಣಿ ಬಂತು. ಆಮೇಲೆ 2009ರ ತನಕ ನಾಲ್ಕು ಸೀಸನ್. ತಮಾಷೆ ಏನೆಂದರೆ ಇದರ ಚಿತ್ರೀಕರಣ ಆಗಿದ್ದೂ ವ್ಯಾಂಕೂವರ್‌ನಲ್ಲೇ.

ಸೈಲಾನ್‌ಗಳು ಹನ್ನೆರಡು ಲೋಕ ಸುಟ್ಟಾಗ ಯಾರಿಗೂ ಅಷ್ಟು ಸಂಕಟವಾಗಿರಲಿಲ್ಲ. ಮೂಲದಲ್ಲಿ ಗಂಡಸಾಗಿದ್ದ ವೈಪರ್ ಪೈಲಟ್ ಸ್ಟಾರ್‌ಬಕ್ ಹೊಸದರಲ್ಲಿ ಹೆಂಗಸಾದಾಗ ಆಕಾಶ ಕಳಚಿಬಿತ್ತು. ಹಳೆಯ ಸ್ಟಾರ್‌ಬಕ್, ಚುಟ್ಟ ಸೇದುವ ಡರ್ಕ್ ಬೆನೆಡಿಕ್ಟ್, ಗಂಡಸುತನಕ್ಕೇ ಕತ್ತರಿ ಬಿತ್ತು ಎಂದು 2004ರಲ್ಲಿ ಒಂದು ಲೇಖನ ಬರೆದರು. ಕೇಟೀ ಸ್ಯಾಕಾಫ್ ಆ ಪಾತ್ರದಲ್ಲಿ ಚುಟ್ಟ ಸೇದಿದರು, ಇಸ್ಪೀಟಾಡಿದರು, ಮೇಲಧಿಕಾರಿಗೇ ಗುದ್ದಿದರು. ಗಂಡಸುತನ ಇನ್ನೆಷ್ಟು ಬೇಕಿತ್ತೋ.

ಕ್ಯಾಲಿಫೋರ್ನಿಯಾದಲ್ಲಿ ನನಗೊಬ್ಬ ಹಾಸನದ ಗೆಳೆಯನಿದ್ದಾನೆ. ಅವನು ಎರಡನ್ನೂ ಹೋಲಿಸುತ್ತಾನೆ. ಎರಡನ್ನೂ ಅಂದರೆ ಆಗಿದ್ದನ್ನು, ಆಗದೇ ಇದ್ದದ್ದನ್ನು. ಬಂದ ಸರಣಿಯ ಒಂದೊಂದು ಫ್ರೇಮಿಗೂ ಅವನ ಹತ್ತಿರ ಆಕ್ಷೇಪ ಇದೆ. ಅದರಲ್ಲಿ ಬರುವ ಕಾಗದಗಳನ್ನು ನೋಡಿದ್ದೀರಾ? ಎಲ್ಲಕ್ಕೂ ನಾಲ್ಕು ಮೂಲೆ ಕತ್ತರಿಸಿರುತ್ತದೆ. ಪತ್ರ, ಫೈಲು, ಪುಸ್ತಕ, ಗೋಡೆಗೆ ಅಂಟಿಸಿದ ಸತ್ತವರ ಫೋಟೋ, ಎಲ್ಲವೂ ಎಂಟು ಮೂಲೆಯವು. "ಬಾಹ್ಯಾಕಾಶ ದಾಟೋರಿಗೆ ಒಂದು ನೆಟ್ಟಗಿನ ಕಾಗದ ಸಿಗಲ್ವೇನೋ?" ಅನ್ನುತ್ತಾನೆ. ಸಿಂಗರ್ ಸರಣಿಯಲ್ಲಿ ಕಾಗದ ಹೇಗಿರುತ್ತಿತ್ತು ಅಂತ ಕೇಳಿದೆ. "ಅದು ಮೂಲಕ್ಕೆ ನಿಷ್ಠವಾಗಿರ್ತಿತ್ತು ಕಣೋ." ಚಿಂಪಾಂಜಿ ಕೂಡ ಇರುತ್ತಿತ್ತಾ? ಫೋನ್ ಇಟ್ಟ.

ಅವನ ಮಾರ್ಕ್ಸ್ ಕಾರ್ಡನ್ನು ನಾನು ಬಾಯಿಪಾಠ ಮಾಡಿದ್ದೇನೆ. ನಟನೆಯಲ್ಲಿ ಆಗದ ಸರಣಿಗೆ ಹತ್ತಕ್ಕೆ ಹತ್ತು, ಯಾರೂ ಕೆಟ್ಟದಾಗಿ ನಟಿಸಿಲ್ಲವಲ್ಲ. ಮುಕ್ತಾಯದಲ್ಲೂ ಹತ್ತಕ್ಕೆ ಹತ್ತು. ಬಂದ ಸರಣಿಯ ಕೊನೆಯ ಕಂತು ಅವನಿಗೆ ಇನ್ನೂ ಜೀರ್ಣವಾಗಿಲ್ಲ. ಎಲ್ಲರೂ ಹಡಗುಗಳನ್ನು ಸೂರ್ಯನೊಳಗೆ ಕಳಿಸಿ ಬರಿಗೈಯಲ್ಲಿ ಭೂಮಿಗಿಳಿಯುತ್ತಾರೆ. ಸ್ಟಾರ್‌ಬಕ್ ಹುಲ್ಲುಗಾವಲಲ್ಲಿ ನಿಂತವಳು ನಿಂತಂತೆ ಮಾಯ. ಅಲ್ಲಿ ನನಗೂ ಸ್ವಲ್ಪ ಹೊಟ್ಟೆ ಉರಿದಿದ್ದು ನಿಜ. ಆದರೆ 'ಟೈಮ್' ಪತ್ರಿಕೆ 2005ರ ಅತ್ಯುತ್ತಮ ಟಿವಿ ಸರಣಿ ಎಂದದ್ದು, ಪೀಬಾಡಿ ಪ್ರಶಸ್ತಿ ಬಂದದ್ದು, 2009ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯೇ ಇದರ ತಂಡವನ್ನು ಕರೆದು ಮಾನವ ಹಕ್ಕುಗಳ ಬಗ್ಗೆ ಚರ್ಚೆ ಇಟ್ಟದ್ದು, ಇವಕ್ಕೆ ಕಾರ್ಡಿನಲ್ಲಿ ಕಾಲಂ ಇಲ್ಲ. ಆ ದಿನ ಸಭಾಂಗಣದಲ್ಲಿ ದೇಶಗಳ ಹೆಸರಿನ ಜಾಗದಲ್ಲಿ ಹನ್ನೆರಡು ಲೋಕಗಳ ಫಲಕ ಇಟ್ಟಿದ್ದರು. ಇಲ್ಲದ ದೇಶಗಳು ಅಲ್ಲಿ ಕೂತಷ್ಟು ಹೊತ್ತೂ ಜಗಳವಾಡಲಿಲ್ಲ.

ಹ್ಯಾಚ್ ಕಥೆ ಮರೆತೆ. ಹೊಸ ಸರಣಿಯನ್ನು ಮೊದಮೊದಲು ಜೋರಾಗಿ ವಿರೋಧಿಸಿದವರು ಅವರು. ಮೂರ್ ಅವರನ್ನೇ ಕರೆದು ಪಾತ್ರ ಕೊಟ್ಟರು. ಟಾಮ್ ಝಾರೆಕ್ ಎಂಬ ರಾಜಕೀಯ ಕೈದಿ, ಇರುವುದು ಜೈಲು ಹಡಗಿನಲ್ಲಿ. ನಾಲ್ಕನೇ ಸೀಸನ್ನಿನಲ್ಲಿ ಝಾರೆಕ್ ದಂಗೆಯಲ್ಲಿ ಸೇರಿ ಗ್ಯಾಲಾಕ್ಟಿಕಾವನ್ನೇ ವಶ ಮಾಡಿಕೊಳ್ಳಲು ಹೋಗುತ್ತಾನೆ, ಗುಂಡಿಗೆ ಬಲಿಯಾಗುತ್ತಾನೆ. ವರ್ಷಗಟ್ಟಲೆ ಹೊರಗಿನಿಂದ ಹಡಗು ಹಿಡಿಯಲು ನೋಡಿದವರಿಗೆ ಒಳಗಿನಿಂದಲೇ ಒಂದು ಅವಕಾಶ ಕೊಟ್ಟಂತಾಯಿತು. ಮನುಷ್ಯ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂತೀರಿ! ನನ್ನ ಗೆಳೆಯ ಆ ಕಂತುಗಳನ್ನು ಎರಡು ಸಲ ನೋಡಿದ್ದಾನೆ. ಕಾಗದದ ತಪ್ಪು ಹುಡುಕಲಿಕ್ಕೆ ಅನ್ನುತ್ತಾನೆ.

ಮಾಡಿದರೆ ಬೈಗುಳ, ಬರೀ ಘೋಷಿಸಿದರೆ ಜೈಕಾರ. ಇದು ಸ್ಟುಡಿಯೋದವರಿಗೂ ಗೊತ್ತಾಗಿರಬೇಕು. ಸರಣಿ ಮುಗಿದ 2009ರಲ್ಲೇ ಸಿಂಗರ್ ಸಿನಿಮಾ ಮಾಡುತ್ತಾರೆ ಎಂಬ ಸುದ್ದಿ ಬಂತು. ಬರಲಿಲ್ಲ. ಮತ್ತೆ ಬೇರೆಯವರ ಹೆಸರು ಬಂತು, ಹೋಯಿತು. 2019ರಲ್ಲಿ ಸ್ಯಾಮ್ ಎಸ್ಮೇಲ್ ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಗೆ ಹೊಸ ಸರಣಿ ಮಾಡುತ್ತಾರೆ ಎಂದರು. ಗೆಳೆಯ ಅವತ್ತೇ ಶುರುಮಾಡಿದ. ಇವರಿಗೇನು ಗೊತ್ತು, ಎಲ್ಲ ಹಾಳು ಮಾಡ್ತಾರೆ, ಮುಟ್ಟಬಾರದಿತ್ತು. ಐದು ವರ್ಷ ಬಿಡದೆ ಬೈದ.

2024ರಲ್ಲಿ ಪೀಕಾಕ್ ಅದನ್ನು ಕೈಬಿಟ್ಟಿತು. ಅವತ್ತು ಅವನ ಫೋನ್ ಬಂದಾಗ ನಮ್ಮಲ್ಲಿ ರಾತ್ರಿ ಒಂದೂವರೆ. ಯಾರಾದರೂ ಹೋಗಿಬಿಟ್ಟರೇನೋ ಅಂದುಕೊಂಡು ಎದ್ದು ಕೂತೆ. ಗಂಟಲು ಕಟ್ಟಿತ್ತು ಅವನದ್ದು.

"ಎಂಥಾ ಸರಣಿ ಕೈತಪ್ಪಿಹೋಯ್ತು ನೋಡೋ," ಅಂದ.