ಡೌಟು ಕೇಳುವ ಮಕ್ಕಳ ಪರವಾಗಿ

ಮೊನ್ನೆ ಅಕ್ಕನ ಮಗಳು ಬೆಂಗಳೂರಿಂದ ಗೌರಿಬಿದನೂರಿಗೆ ಬಂದಿದ್ದಳು. ಮುಖ ಬಾಡಿತ್ತು. ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳು. ಲಂಡನ್ನಿನಲ್ಲಿರುವ ಮೇಲಧಿಕಾರಿಗೆ 'ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ರಿಪೋರ್ಟ್' ಅಂತ ಮೇಲ್ ಹಾಕಿದ್ದಳಂತೆ. ಅದರಲ್ಲಿದ್ದ ಒಂದು ಲೆಕ್ಕ ಇವಳಿಗೆ ಅರ್ಥವಾಗಿರಲಿಲ್ಲ, ಅಷ್ಟೇ. ಆ ಮನುಷ್ಯ ಓದಿಕೊಂಡದ್ದು 'ನಿಮ್ಮ ವರದಿ ಮೇಲೆ ನನಗೆ ನಂಬಿಕೆಯಿಲ್ಲ' ಅಂತ.

"ಮಾಮ, ನಾನು ಕಲಿತ ಇಂಗ್ಲಿಷೇ ತಪ್ಪಾ?" ಅಂದಳು.

ತಪ್ಪಲ್ಲ. ನಮ್ಮ ದೇಶದ ಶಾಲೆಗಳಲ್ಲಿ ಡೌಟು ಅಂದರೆ ಪ್ರಶ್ನೆ. ಪಾಠ ಮುಗಿದ ಮೇಲೆ ಮೇಷ್ಟ್ರೇ 'ಡೌಟಿದ್ರೆ ಕೇಳಿ' ಅಂತಾರೆ. ಇಂಗ್ಲೆಂಡಿನವರ ಕಿವಿಗೆ ಮಾತ್ರ ಅದು ಅಪನಂಬಿಕೆ. ಅವರಿಗೆ ಬರೆಯುವಾಗ 'ಐ ಹ್ಯಾವ್ ಎ ಕ್ವೆಶ್ಚನ್' ಅಂದರೆ ಸಾಕು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಮ್ಮ 'ಅನುಮಾನ' ಎರಡು ಕೆಲಸ ಮಾಡುತ್ತದೆ. 'ಅವನು ಬರೋದು ಅನುಮಾನ' ಅಂದರೆ ಬರಲಿಕ್ಕಿಲ್ಲ. 'ಅವನ ಮೇಲೇ ಅನುಮಾನ' ಅಂದರೆ ಅವನೇ ಮಾಡಿರಬೇಕು. ಇಂಗ್ಲಿಷಿನಲ್ಲಿ ಮೊದಲನೆಯದು ಡೌಟ್, ಎರಡನೆಯದು ಸಸ್ಪೆಕ್ಟ್. 'ಐ ಡೌಟ್ ಹಿ ಸ್ಟೋಲ್ ಇಟ್' ಅಂದರೆ 'ಅವನು ಕದ್ದಿರಲಿಕ್ಕಿಲ್ಲ' ಅಂತಾಗುತ್ತದೆ. ನಾವು ಹೇಳಹೊರಟದ್ದಕ್ಕೆ ಪೂರ್ತಿ ಉಲ್ಟಾ! ಬಾಗೇಪಲ್ಲಿ ಕಡೆಯಿಂದ ಬರುವ, ಮನೆಯಲ್ಲಿ ತೆಲುಗಾಡುವ ಮಕ್ಕಳೂ ಇಲ್ಲೇ ಎಡವುತ್ತಾರೆ. ಅವರ 'ಅನುಮಾನಂ' ಕೂಡ ಹೀಗೇ ಎರಡೂ ಕಡೆ ಓಡಾಡುವ ಪದ. ಎರಡು ಭಾಷೆ ನಡುವೆ ನಿಂತ ಮಗುವಿನ ಈ ಕಷ್ಟ ಯಾವ ಪಠ್ಯಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಪದದ ಅರ್ಥ ಸರಿದಾಡುವುದು ಅವಮಾನದ ವಿಷಯವೂ ಅಲ್ಲ. ಹೊಗೆ ಕಂಡು ಬೆಂಕಿಯಿದೆ ಅಂತ ತಿಳಿಯುವುದನ್ನು ಸಂಸ್ಕೃತದ ತರ್ಕಶಾಸ್ತ್ರ ಅನುಮಾನ ಅಂತ ಕರೆಯಿತು. ಅದು ಖಚಿತ ತಿಳಿವಳಿಕೆಗೆ ದಾರಿ. ಕನ್ನಡಕ್ಕೆ ಬಂದು ಅದೇ ಪದ ಸಂಶಯವಾಯಿತು. ಯಾರಾದರೂ ನಮ್ಮನ್ನು ತಿದ್ದಲು ಬಂದರೇ?

ಡೌಟ್ ಕಥೆಯೂ ಹಾಗೇ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ 'ಬಿ' ಅಕ್ಷರವೇ ಇರಲಿಲ್ಲ. ಲ್ಯಾಟಿನ್ನಿನ 'ದುಬಿತಾರೆ' ಇದರ ಮೂಲ ಅಂತ ತೋರಿಸಲು ಪಂಡಿತರು ಆಮೇಲೆ ಸೇರಿಸಿದರು. ಬರವಣಿಗೆಗೆ ಬಂದ 'ಬಿ' ಬಾಯಿಗೆ ಬರಲಿಲ್ಲ. ಸಾಲ ಅನ್ನುವ ಅರ್ಥದ 'ಡೆಟ್' ಪದದಲ್ಲೂ ಇದೇ ಆಯಿತು. ಬರೆದಂತೆ ಓದುವ ಕನ್ನಡದ ಮಗು 'ಡೌಬ್ಟ್' ಅಂದರೆ ತರಗತಿಯೆಲ್ಲ ನಗುತ್ತದೆ. ಮಗುವಿಗೆ ಆ ಪಂಡಿತರ ವಿಷಯ ಯಾರೂ ಹೇಳುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಒಮ್ಮೆ ನಗೆಗೀಡಾದ ಮಗು ಮತ್ತೆ ಕೈ ಎತ್ತುವುದಿಲ್ಲ.

ನಮ್ಮ ತಾಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದರು. ಅಂಥವರ ಊರಿನ ಶಾಲೆಗಳಲ್ಲಿ ಮಕ್ಕಳು ಉಚ್ಚಾರಣೆಗೆ ಹೆದರಿ ಬಾಯಿ ಮುಚ್ಚಿಕೊಂಡು ಕೂರಬಾರದು. 'ಸಾರ್, ಡೌಟು' ಅಂತ ಎದ್ದು ನಿಂತವರಿಗೆ ಮೊದಲು ಉತ್ತರ ಕೊಡಿ. ಲಂಡನ್ನಿಗೆ ಬರೆಯುವ ರೀತಿಯನ್ನು ಆಮೇಲೆ ಹೇಳಿಕೊಡಬಹುದು.